ಮುಚ್ಚಳ ತೆಗೆಯುವ ದೊಡ್ಡಮ್ಮ

ಕೈ ಹಾಕದೆ ಬಟ್ಟೆ ಒಗೆಯುವುದೂ, ನಮ್ಮ ಮನೆಯವರೊಬ್ಬರು ಡಿಗ್ರಿ ಮಾಡುವುದೂ ಈ ಜನ್ಮದಲ್ಲಿ ಆಗುವ ಕೆಲಸವಲ್ಲ ಎಂದವರು ಊರವರಲ್ಲ, ನನ್ನನ್ನು ಸಾಕಿದ ದೊಡ್ಡಮ್ಮ! ಲೋಕದಲ್ಲಿ ಮುಚ್ಚಿದ್ದೆಲ್ಲ ಇರುವುದೇ ತೆಗೆದು ನೋಡಲಿಕ್ಕೆ ಎಂದು ನಂಬಿದವರು ಅವರು. ಕುಚ್ಚಲಕ್ಕಿ ಬೇಯುವಾಗ ಹತ್ತು ಸಲ ಇಣುಕಿ, ಹಬೆಯನ್ನೆಲ್ಲ ಹೊರಗೆ ಕಳಿಸಿ, "ಈ ಅಕ್ಕಿಯೇ ಸರಿ ಇಲ್ಲ" ಎನ್ನುವವರು.

ಪರ್ಕಳದ ನಮ್ಮ ಬಾಡಿಗೆ ಮನೆಯ ಜಗಲಿಯಲ್ಲಿ ವಾಷಿಂಗ್ ಮಿಷನ್ನಿನ ಇಡೀ ಚರಿತ್ರೆಯೇ ಇತ್ತು. ದೊಡ್ಡಮ್ಮ ಬಟ್ಟೆ ಒಗೆಯಲು ಹೋಗುತ್ತಿದ್ದ ಮಣಿಪಾಲದ ಮನೆಯವರು ಹೊಸತು ತಂದಾಗಲೆಲ್ಲ ಹಳತು ನಮಗೆ. ಮೊದಲು ಬಂದದ್ದು ಓಬೀರಾಯನ ಕಾಲದ್ದು. ದುಂಡು ಡ್ರಮ್, ನಡುವೆ ಬಟ್ಟೆ ಕಡೆಯುವ ಕಂಬ, ನೆತ್ತಿಯ ಮೇಲೆ ಹಿಂಡಲಿಕ್ಕೆ ಎರಡು ಉರುಳೆ. ಥೇಟ್ ಕಬ್ಬಿನ ಹಾಲಿನ ಗಾಡಿ! ದೊಡ್ಡಮ್ಮನ ರವಿಕೆಯ ಕೊಕ್ಕೆಗಳೆಲ್ಲ ಚಪ್ಪಟೆಯಾಗಿ ಹೊರಬಂದವು.

ಆಮೇಲೆ ಜೋಡಿ ತೊಟ್ಟಿಯದ್ದು. ಕಂಬ ಹೋಗಿ ತಳದಲ್ಲೊಂದು ತಿರುಗುವ ತಟ್ಟೆ ಬಂದಿತ್ತು. ಆದರೆ ಒಂದರಲ್ಲಿ ಒಗೆದದ್ದನ್ನು ಇನ್ನೊಂದಕ್ಕೆ ಹಿಂಡಲು ನಾವೇ ಎತ್ತಿ ಹಾಕಬೇಕು.

"ಎತ್ತಿ ಹಾಕುವುದು ನಾನೇ ಆದರೆ ಇದು ಎಂತಕ್ಕೆ?" ಎಂದರು ದೊಡ್ಡಮ್ಮ. ಹಿಂಡುವಾಗ ಅದು ಕುಣಿಯುತ್ತ ಅಂಗಳಕ್ಕಿಳಿಯಲು ಹೊರಟರೆ ಅಪ್ಪಿ ಹಿಡಿಯುವ ಕೆಲಸವೂ ಅವರದ್ದೇ!

ಕೊನೆಗೆ ಬಂದದ್ದು ಒಂದೇ ತೊಟ್ಟಿಯ, ಎಲ್ಲವನ್ನೂ ತಾನೇ ಮಾಡುವ ಮಿಷನ್. ಅದಕ್ಕೊಂದೇ ಹಟ. ಮುಚ್ಚಳ ತೆಗೆದರೆ ನಿಂತುಬಿಡುತ್ತದೆ. ಅದು ಬಂದದ್ದಾದರೂ ಯಾರ ಮನೆಗೆ! ಬೆಳಿಗ್ಗೆ ಹಾಕಿದ ಬಟ್ಟೆ ಸಂಜೆಯಾದರೂ ನೀರಲ್ಲೇ.

"ನೋಡಿದಿಯಾ? ಕೈ ಹಾಕದೆ ಆಗುವುದಿಲ್ಲ."

"ನೀವು ತೆಗೆಯುವುದಕ್ಕೇ ಅದು ನಿಲ್ಲುವುದು ದೊಡ್ಡಮ್ಮ!"

"ನಿಲ್ಲುತ್ತದಾ ಅಂತ ನೋಡಲಿಕ್ಕೇ ತೆಗೆದದ್ದು ಮಾರಾಯ್ತಿ!"

ನನ್ನ ಓದಿಗೂ ಅದೇ ಗತಿ. ನಾನು ಪುಸ್ತಕ ಹಿಡಿದು ಕೂತರೆ ಸಾಕು, ಕೋಣೆಯ ಬಾಗಿಲು ಕಿರ್ರೆನ್ನುತ್ತಿತ್ತು. "ಎಷ್ಟಾಯಿತು?" ಕೊನೆಯ ವರ್ಷದ ಅಕೌಂಟೆನ್ಸಿ ಹೋಯಿತು. ಮತ್ತೆ ಕಟ್ಟಿದೆ, ಮತ್ತೂ ಹೋಯಿತು. ಜೊತೆಯವರೆಲ್ಲ ಕೆಲಸಕ್ಕೆ ಸೇರಿದರು. ನಾನು ಮಾತ್ರ ಆ ಮಿಷನ್ನಿನ ಹಾಗೆ ನೀರು ತುಂಬಿಕೊಂಡು ನಿಂತಿದ್ದೆ.

ಒಂದು ದಿನ ಹೇಳಿಯೇಬಿಟ್ಟೆ. "ಇನ್ನು ಪರೀಕ್ಷೆ ಕಟ್ಟುವುದಿಲ್ಲ. ನೀವು ಹೇಳಿದ್ದೇ ಸರಿ. ನಾಳೆಯಿಂದ ನಿಮ್ಮ ಜೊತೆ ಒಗೆಯಲಿಕ್ಕೆ ಬರುತ್ತೇನೆ."

ಸದಾ ಬಾಯಿಗೆ ಬಾಯಿ ಕೊಡುವ ದೊಡ್ಡಮ್ಮ ಎದ್ದು ಹೋಗಿ ರುಬ್ಬುವ ಗುಂಡುಕಲ್ಲನ್ನು ಎತ್ತಿ ತಂದು ತಿರುಗುತ್ತಿದ್ದ ಮಿಷನ್ನಿನ ಮುಚ್ಚಳದ ಮೇಲಿಟ್ಟರು. ನನ್ನನ್ನು ಕೋಣೆಗೆ ತಳ್ಳಿ, ಬಾಗಿಲೆಳೆದು, ಅದಕ್ಕೆ ಬೆನ್ನು ಕೊಟ್ಟು ಹೊರಗೆ ಕೂತರು. ಅಂದು ಬಟ್ಟೆ ಮೊದಲ ಸಲ ತಾನಾಗಿಯೇ ಹಿಂಡಿಕೊಂಡಿತು. ಪರೀಕ್ಷೆ ಮುಗಿಯುವವರೆಗೂ ಬಾಗಿಲು ಕಿರ್ರೆನ್ನಲಿಲ್ಲ.

ಡಿಗ್ರಿ ಸರ್ಟಿಫಿಕೇಟನ್ನು ಮಳೆಗೆ ನೆನೆಯದಂತೆ ಸುರುಳಿ ಸುತ್ತಿ, ಮುಚ್ಚಳವಿದ್ದ ಉದ್ದ ಡಬ್ಬಿಯಲ್ಲಿ ತಂದು ಅವರ ಕೈಗಿಟ್ಟೆ. ಸೋಪಿಗೆ ಸವೆದ ಬೆರಳು ಮುಚ್ಚಳದವರೆಗೆ ಹೋಗಿ ಅಲ್ಲೇ ತಡೆದು ನಿಂತಿತು.

"ಈಗ ತೆಗೆಯಬಹುದಾ ಮಗಾ? ನಿಲ್ಲುವುದಿಲ್ಲ ಅಲ್ವಾ?"