ಗೇಣುದ್ದದ ನೀರಿಗೆ ತಕ್ಕ ಜೀವ

ನಾನು ಯಾವ ಕೆಲಸವನ್ನು ಹೆದರಿ ಹೆದರಿ ಮಾಡುತ್ತೇನೋ, ಅದೇ ಕೆಲಸದಲ್ಲಿ ನಾಲ್ಕು ಜನ ನಗುವಂಥದ್ದು ಆಗುತ್ತದೆ. ಧೈರ್ಯವಾಗಿ ಮಾಡಿದ್ದೆಲ್ಲ ಸಪ್ಪಗೆ ಮುಗಿದಿದೆ. ಅದನ್ನು ಕೇಳುವವರೇ ಇಲ್ಲ. ಈ ಗಾಜಿನ ತೊಟ್ಟಿಯ ಕಥೆಯನ್ನು ಮಾತ್ರ ಮನೆಗೆ ಬಂದವರೆಲ್ಲ ಕೇಳಿ ಹೇಳಿಸಿಕೊಳ್ಳುತ್ತಾರೆ. ಅವರು ನಗಲಿ. ಆಗ ನನ್ನ ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತು ಅನ್ನುವುದು ನನಗೊಬ್ಬಳಿಗೇ ಗೊತ್ತು.

ಎಪ್ಪತ್ತರ ದಶಕದ ಮಾತು. ಬಳ್ಳಾರಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರು, ಅದೂ ತಾತ್ಕಾಲಿಕ. ಮದುವೆಯಾಗಿ ವರ್ಷವಾಗಿತ್ತು. ನಮ್ಮತ್ತೆ ಒಂದು ಷರತ್ತು ಹಾಕಿದ್ದರು. "ಯುಗಾದಿ ಒಳಗ ನೌಕರಿ ಖಾಯಂ ಆದ್ರ ಮಾಡು. ಇಲ್ಲಾಂದ್ರ ಸುಮ್ನ ಮನ್ಯಾಗ ಇರು. ದಿನಾ ಈ ಬಿಸಲಾಗ ಹೋಗಿಬಂದು ಯಾರನ್ನ ಉದ್ಧಾರ ಮಾಡ್ಬೇಕಾಗೇತಿ?" ಅವರು ಮಾತಾಡಿದ ಮೇಲೆ ನನ್ನ ಗಂಡ ತುಟಿ ಬಿಚ್ಚುವವರಲ್ಲ. ನನಗೋ, ಮನೆಯಲ್ಲಿ ಕೂರುವುದೆಂದರೆ ಜೀವ ಹೋದ ಹಾಗೆ.

ಕಟ್ಟು ಹಾಕುವ ಅಂಗಡಿ

ಶಿವರಾತ್ರಿಗೆ ಮುಂಚೆ ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆಸಿದರು.

"ಇನ್ನು ಇಪ್ಪತ್ತು ದಿನಕ್ಕ ಇನ್ಸ್‌ಪೆಕ್ಟರು ಬರ್ತಾರ. ಹೋದ ಸಲ ಬಾಟಲಿಯೊಳಗಿನ ಸತ್ತ ಕಪ್ಪಿ ನೋಡಿ ಮುಖ ಹುಳ್ಳಗ ಮಾಡ್ಕೊಂಡ್ರು. ಈ ಸಲ ಜೀವ ಇರೋದು ತೋರಿಸ್ಬೇಕು. ಒಂದು ಸಣ್ಣ ಗಾಜಿನ ತೊಟ್ಟಿ, ಒಳಗ ನೀರಿನ ಗಿಡ. ಮ್ಯಾಲೆ ಮುಚ್ಚಳ ಇರಬಾರ್ದು, ಕೆರಿ ಇದ್ದಂಗ ಕಾಣ್ಬೇಕು. ಮುಚ್ಚಿದ್ರ ಉಪ್ಪಿನಕಾಯಿ ಭರಣಿ ಆಗ್ತೈತಿ."

"ಆಗಲ್ರಿ ಮೇಡಂ. ಒಳಗ ಏನು ಬಿಡ್ಲಿ?"

"ವಿಜ್ಞಾನದ ಟೀಚರ್ ನಾನೋ ನೀನೋ? ಅವರು ಚಲೋ ಬರದ್ರ ನಿನ್ನ ಖಾಯಂ ಕಾಗದ ಅವತ್ತೇ ಕಳಿಸ್ತೀನಿ. ಇಲ್ಲಾಂದ್ರ ನನ್ನ ಕೈಯಾಗ ಏನಿಲ್ಲ."

ಅಂದರೆ ನನ್ನ ನೌಕರಿ ಇನ್ನೂ ಸಿಗದ ಒಂದು ಪ್ರಾಣಿಯ ಮೇಲೆ ನಿಂತಿತು. ಫೋಟೊಗೆ ಕಟ್ಟು ಹಾಕುವ ಸಾಬರ ಅಂಗಡಿಗೆ ಓಡಿದೆ. ಅವರು ಉಳಿದ ಗಾಜಿನ ತುಂಡುಗಳನ್ನು ತಗಡಿನ ಅಂಚಿನಲ್ಲಿ ಕೂಡಿಸಿ, ಸಂದಿಗೆ ಅಂಟು ಮೆತ್ತಿ, ಗೇಣುದ್ದ ಗೇಣೆತ್ತರದ ತೊಟ್ಟಿ ಮಾಡಿಕೊಟ್ಟರು. ಒಂದು ತೊಟ್ಟೂ ಸೋರಲಿಲ್ಲ.

"ಇದರಾಗ ಯಾರನ್ನ ಇಡ್ತೀರಿ ಅಕ್ಕೋರೇ?" ಅಂದರು.

"ಬದುಕಿರೋ ಮೀನು."

ಸಾಬರು ಗೋಡೆಯ ತುಂಬ ತೂಗುಹಾಕಿದ್ದ ತೀರಿಹೋದವರ ಫೋಟೊಗಳ ಕಡೆ ಒಮ್ಮೆ ನೋಡಿದರು. "ಬದುಕಿರೋರಿಗೆ ಕಟ್ಟು ಹಾಕಿದ್ದು ಇದೇ ಮೊದಲು. ಹೋಗ್ರಿ. ಸತ್ತ ಮ್ಯಾಲೂ ಇಲ್ಲೇ ತರ್ರಿ."

ಒಂದು ಗುಟುಕು ನೀರು

ನಮ್ಮ ಡ್ರಾಯಿಂಗ್ ಟೀಚರ ತವರು ಸಿರುಗುಪ್ಪ. ಅಲ್ಲಿ ಕಾಲುವೆ, ಗದ್ದೆ, ಬೇಕಾದಷ್ಟು ನೀರು. ಭಾನುವಾರ ಅವರ ಜೊತೆ ಹೋದೆ. ಅವರ ತಮ್ಮ ಟವೆಲ್ಲಿನಲ್ಲಿ ಸೋಸಿ ಬೆರಳುದ್ದದ ಐದು ಮೀನು ಹಿಡಿದುಕೊಟ್ಟ. ಗಿಡಗಳನ್ನು ಚೀಲಕ್ಕೆ ತುಂಬಿ, ಮೀನನ್ನು ಹಿತ್ತಾಳೆ ತಂಬಿಗೆಯ ನೀರಿಗೆ ಬಿಟ್ಟು, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಮಡಿಲಲ್ಲಿ ಇಟ್ಟುಕೊಂಡು ಒಬ್ಬಳೇ ಬಸ್ಸು ಹತ್ತಿದೆ.

ಮುಂದಿನ ಸೀಟಿನಲ್ಲಿ ನಮ್ಮ ಓಣಿಯ ಹಿರಿಯರೊಬ್ಬರು ಕೂತಿದ್ದರು, ಹಣೆ ತುಂಬ ವಿಭೂತಿ. ನಮ್ಮತ್ತೆಗೆ ದೂರದ ಅಣ್ಣ. ನಮ್ಮದು ಈರುಳ್ಳಿ ಹೆಚ್ಚುವಾಗಲೂ ಯೋಚಿಸುವ ಮನೆತನ. ಸೊಸೆ ಮೀನು ತರುತ್ತಿದ್ದಾಳೆ ಅಂತ ಇವರಿಗೆ ಗೊತ್ತಾದರೆ ಮುಗಿಯಿತು ಅಂತ ತಂಬಿಗೆಯನ್ನು ಸೆರಗಿನೊಳಗೆ ಸೇರಿಸಿಕೊಂಡೆ.

ಸಿರಿಗೇರಿ ಕ್ರಾಸಿನಲ್ಲಿ ಒಬ್ಬ ಅಜ್ಜಿ ಹತ್ತಿ ನನ್ನ ಪಕ್ಕ ಕೂತಳು. "ಯವ್ವಾ, ಬಾಯಿ ಒಣಗೇತಿ. ಒಂದು ಗುಟುಕು ನೀರು ಹಾಕು."

ನಮ್ಮ ಕಡೆ ಬಿಸಿಲಲ್ಲಿ ನೀರು ಕೇಳಿದವರಿಗೆ ಇಲ್ಲ ಅನ್ನುವುದಿಲ್ಲ. ಹಗೆಯವನು ಬಾಗಿಲಿಗೆ ಬಂದರೂ ಮೊದಲು ಚೊಂಬು, ಆಮೇಲೆ ಜಗಳ. ನಾನು ಮೆಲ್ಲಗೆ, "ಇದು ಕುಡಿಯೋ ನೀರಲ್ಲಜ್ಜಿ" ಅಂದೆ.

"ಕುಡಿಯಾಕಲ್ದ ನೀರನ್ನ ಮಡಲಾಗ ಕೂಸಿನಂಗ ಯಾರರ ಇಟ್ಕೊಂತಾರೇನು?" ಅಜ್ಜಿಯ ದನಿ ಏರಿತು. "ಕುಲ ಕೇಳಿ ನೀರು ಹಾಕ್ತಿ ಏನು?"

ಇಡೀ ಬಸ್ಸು ನನ್ನ ಕಡೆ ತಿರುಗಿತು. "ಓದಿದಾಕಿ ಕಾಣ್ತಾಳ, ನೋಡ್ರಿ ಬುದ್ಧಿ" ಅಂದರು ಹಿಂದಿನವರು. ವಿಭೂತಿ ಹಿರಿಯರೂ ತಿರುಗಿ, "ಏ ತಂಗೀ, ನೀರಿಗ್ಯಾಕ ಇಲ್ಲ ಅಂತಿ? ನೀ ನಮ್ಮ ಓಣಿ ಸೊಸಿ ಅಲ್ಲೇನು?" ಅಂದರು. ನಾನು ತಂಬಿಗೆಯನ್ನು ಇನ್ನೂ ಬಿಗಿಯಾಗಿ ಹಿಡಿದೆ. ಕಂಡಕ್ಟರ್ ಬಂದವನೇ, "ಬಸ್ಸಿನ್ಯಾಗ ಜಗಳ ಬ್ಯಾಡ್ರಿ" ಅಂತ ತಂಬಿಗೆ ಕಸಿದು ಬಟ್ಟೆ ಬಿಚ್ಚಿದ.

ಒಂದು ಮೀನು ಎಗರಿ ಅವನ ಚರ್ಮದ ಚೀಲಕ್ಕೆ ಬಿತ್ತು. ಕಂಡಕ್ಟರ್ ಮೀನನ್ನು ಬಾಲ ಹಿಡಿದು ತೆಗೆದು ತಂಬಿಗೆಗೆ ಹಾಕಿ, "ಅಜ್ಜೀ, ನೀರು ಐತಿ. ಆದ್ರ ಅದರಾಗ ಬಾಡಿಗಿಗೆ ಮಂದಿ ಅದಾರ" ಅಂದ.

ಅಜ್ಜಿ ಬಗ್ಗಿ ನೋಡಿ ತಣ್ಣಗಾದಳು. "ಇರ್ಲಿ ಬಿಡವ್ವ. ನಾನು ಬಳ್ಳಾರಿ ತಂಕ ತಡಕಂತೀನಿ. ಅವಕ್ಕ ಆಗಂಗಿಲ್ಲ."

ಪರಾತದಲ್ಲಿ

ಹಿರಿಯರು ಬಳ್ಳಾರಿ ಮುಟ್ಟುವ ತನಕ ಕಿಟಕಿ ಕಡೆ ಮುಖ ಮಾಡಿ ಕೂತರು. ಮನೆಗೂ ಬರಲಿಲ್ಲ, ಪುಣ್ಯ. ಭಾನುವಾರ ಶಾಲೆ ಮುಚ್ಚಿತ್ತು. ಬೆಳಗಿನ ತನಕ ತೊಟ್ಟಿ ಮನೆಯಲ್ಲೇ ಇರಬೇಕು. ಬೆಳಕು ಬೀಳಲಿ ಅಂತ ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲಿಟ್ಟೆ. ಅತ್ತೆಗೆ, "ಸಾಲಿಗೆ ನೀರಿನ ಗಿಡ" ಅಂತಷ್ಟೇ ಹೇಳಿದೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಅದೇ ಕಿಟಕಿಯ ಕೆಳಗೆ ಕೂತು ರೊಟ್ಟಿ ಬಡಿಯುತ್ತಿದ್ದರು. ಪಕ್ಕದ ಅಗಲವಾದ ಪರಾತದಲ್ಲಿ ಒಣ ಜೋಳದ ಹಿಟ್ಟು. ನಾನು ಒಲೆಯ ಮುಂದೆ ಇದ್ದೆ. ಟಪ ಟಪ ಟಪ ಅನ್ನುತ್ತಿದ್ದ ಸದ್ದು ಒಮ್ಮೆಲೇ ನಿಂತಿತು.

ತಿರುಗಿದರೆ ಪರಾತದಲ್ಲಿ ಮೀನು. ಮುಚ್ಚಳವಿಲ್ಲದ ತೊಟ್ಟಿಯಿಂದ ಹಾರಿ ಹಿಟ್ಟಿಗೇ ಬಿದ್ದಿತ್ತು. ಆ ಕಡೆ ಹೊರಳಿ, ಈ ಕಡೆ ಹೊರಳಿ, ತಲೆಯಿಂದ ಬಾಲದ ತನಕ ಬೆಳ್ಳಗಾಗಿತ್ತು. ಬಾಚಿ ನೀರಿಗೆ ಹಾಕಿದೆ. ತೊಟ್ಟಿ ಮಜ್ಜಿಗೆಯಂತಾಯಿತು. ಅತ್ತೆ ಬೈದಿದ್ದರೆ ಚೆನ್ನಾಗಿತ್ತು. ಅವರು ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟು ನನ್ನನ್ನೇ ನೋಡುತ್ತ ಕೂತರು.

"ಹಿಟ್ಟು ಹಚ್ಚಿ ತಯಾರು ಮಾಡೀದಿ" ಅಂದರು ಕೊನೆಗೆ. "ಎಣ್ಣಿ ಕಾಯಿಸೋದೊಂದು ಬಾಕಿ. ಅದನ್ನೂ ನಾನೇ ಮಾಡ್ಲೇನು?"

ಕುರುಗೋಡು ಮಾವನ ಸಲಹೆ

ಶಾಲೆಯಲ್ಲೂ ಮೀನುಗಳು ಒಂದೊಂದಾಗಿ ಹಾರಿದವು. ನೆಲಕ್ಕೆ ಬಿದ್ದದ್ದನ್ನು ಶಾಲೆಯ ಬೆಕ್ಕು ನೋಡಿಕೊಂಡಿತು. ಶನಿವಾರಕ್ಕೆ ಗಿಡ ಮಾತ್ರ ಉಳಿಯಿತು.

ಕುರುಗೋಡಿನ ನನ್ನ ಸೋದರಮಾವ ಸುದ್ದಿ ಕೇಳಿ, "ಹಾರೋದನ್ನ ಯಾಕ ಇಟ್ಟಿ? ಹಾರಲಾರದ್ದು ತರ್ತೀನಿ ತಡಿ" ಅಂದರು. ಹೇಳಿದಂತೆ ಒದ್ದೆ ಗೋಣಿಯಲ್ಲಿ ಒಂದು ಏಡಿಯನ್ನು ಶಾಲೆಗೇ ತಂದರು. ಜೊತೆಗೆ, ಪಾಪ ಕೂರುವುದಕ್ಕೆ ಇರಲಿ ಅಂತ, ಅವರ ಊರಿನ ಒಂದು ಒಳ್ಳೆಯ ಕಲ್ಲು. ಕಲ್ಲನ್ನು ತೊಟ್ಟಿಯ ಮೂಲೆಯಲ್ಲಿ ನಿಲ್ಲಿಸಿದರು. ಅದು ನೀರು ದಾಟಿ ತೊಟ್ಟಿಯ ಅಂಚಿನ ಸಮಕ್ಕೆ ಬಂತು. ಮಾವ ಏಡಿಯ ಜೊತೆ ಅದಕ್ಕೊಂದು ಮೆಟ್ಟಿಲನ್ನೂ ತಂದಿದ್ದರು ಅನ್ನುವುದು ನನಗೆ ಹೊಳೆದದ್ದು ಮಧ್ಯಾಹ್ನ, ತೊಟ್ಟಿ ಖಾಲಿ ಕಂಡಾಗ.

ಹುಡುಕಲು ಪುರುಸೊತ್ತಿಲ್ಲ, ಅಷ್ಟರಲ್ಲಿ ಸ್ಟಾಫ್ ಮೀಟಿಂಗಿನ ಗಂಟೆ. ಹೆಡ್‌ಮಿಸ್ಟ್ರೆಸ್ ಎಂದಿನಂತೆ ಮೇಜಿನ ಕೆಳಗೆ ಚಪ್ಪಲಿ ಬಿಟ್ಟು, ಬರಿಗಾಲು ಚಾಚಿ ಕೂತರು. ಒಂದು ಕೈ ರಿಜಿಸ್ಟರಿನ ಮೇಲೆ. ಮೇಜಿನ ಕೆಳಗೆ ಕರಕರ ಸದ್ದು ನನಗೊಬ್ಬಳಿಗೇ ಕೇಳಿಸಿತು. ನಾನು ಕಾಲು ಮಡಚಿ ಕುರ್ಚಿಯ ಮೇಲೆ ಎಳೆದುಕೊಂಡೆ. ಹೇಳಿದರೆ ನೌಕರಿ ಹೋಗುತ್ತದೆ, ಹೇಳದಿದ್ದರೆ ಹೆಡ್‌ಮಿಸ್ಟ್ರೆಸ್ಸರ ಕಾಲ್ಬೆರಳು.

"ಅವತ್ತು ಒಂದು ಸಾಮಾನೂ ಜಾಗ ಬಿಟ್ಟು ಅಲುಗಾಡಬಾರ್ದು" ಅನ್ನುತ್ತ ಅವರು ಜಾರಿದ ಸೆರಗನ್ನು ಎಳೆದು ಮೇಜಿನ ಮೇಲೆ ಹಾಕಿಕೊಂಡರು. ಸೆರಗಿನ ತುದಿ ಕಚ್ಚಿಕೊಂಡು ಏಡಿಯೂ ಬಂತು. ಬಂದು ರಿಜಿಸ್ಟರಿನ ಮೇಲೆ, ಅವರ ಕೈಗೆ ನಾಲ್ಕು ಬೆರಳು ದೂರದಲ್ಲಿ ಇಕ್ಕಳದಂಥ ಕಾಲೆತ್ತಿ ನಿಂತಿತು.

ಟೀಚರುಗಳೆಲ್ಲ ಕಿರುಚಿ ಕುರ್ಚಿ ಹತ್ತಿದರು. ಹೆಡ್‌ಮಿಸ್ಟ್ರೆಸ್ ಮಾತ್ರ ಕದಲಲಿಲ್ಲ, ಕದಲಲು ಧೈರ್ಯವಿರಲಿಲ್ಲ. ಕಣ್ಣು ನನ್ನ ಮೇಲಿಟ್ಟು, ತುಟಿಯಷ್ಟೇ ಅಲ್ಲಾಡಿಸಿ ಹೇಳಿದರು:

"ನಿನ್ನ ಖಾಯಂ ಕಾಗದಕ್ಕ ಸಹಿ ಮಾಡೋ ಕೈ ಇದು. ಮೊದ್ಲು ಬೆರಳು ಉಳಿಸು."

ಬಸವನಹುಳು

ಡ್ರಾಯಿಂಗ್ ಟೀಚರು ಕಾಲುವೆಯಿಂದ ಬಸವನಹುಳು ತಂದುಕೊಟ್ಟರು. ಹಾರುವುದಿಲ್ಲ, ಓಡುವುದಿಲ್ಲ, ಕಚ್ಚುವುದಿಲ್ಲ. ನಾನು ವಾರದಲ್ಲಿ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದೆ. ಅವೂ ಮಾಡಿದವು. ಎರಡೇ ದಿನಕ್ಕೆ ಗಿಡದಲ್ಲಿ ಒಂದು ಎಲೆಯನ್ನೂ ಉಳಿಸಲಿಲ್ಲ.

ಎರಡು ಇಲಾಖೆ, ಒಂದು ತೊಟ್ಟಿ

ಹುಳುಗಳನ್ನು ತೆಗೆದ ಮೇಲೆ ಗಿಡ ಮತ್ತೆ ಚಿಗುರಿತು. ಇನ್ಸ್‌ಪೆಕ್ಷನ್ನಿಗೆ ಮೂರು ದಿನ ಇತ್ತು, ತೊಟ್ಟಿಯಲ್ಲಿ ಜೀವ ಇರಲಿಲ್ಲ. ಅತ್ತೆ ಆಗಲೇ, "ನಾಳಿಂದ ಶಾವಿಗಿ ಹೊಸಿಯೋದು ಕಲಿ" ಅನ್ನತೊಡಗಿದ್ದರು. ನಾನು ತೊಟ್ಟಿಯ ಮುಂದೆ ಕೂತು ಅತ್ತುಬಿಟ್ಟೆ, ನಿಜವಾಗಿ ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು ನೋಡಿದರೆ ನೀರಿನಲ್ಲಿ ಏನೋ ಕುಣಿಯುತ್ತಿದೆ. ಒಂದಲ್ಲ, ನೂರಾರು. ಸೊಳ್ಳೆಮರಿಗಳು!

ಹಾರುವುದಿಲ್ಲ (ಇನ್ನೂ), ಹತ್ತುವುದಿಲ್ಲ, ಎಲೆ ತಿನ್ನುವುದಿಲ್ಲ. ಪಠ್ಯದಲ್ಲೂ ಇದೆ. ಗೇಣುದ್ದದ ನೀರಿಗೆ ಇದಕ್ಕಿಂತ ತಕ್ಕ ಪ್ರಾಣಿ ಬೇಕೆ? ದಪ್ಪ ಅಕ್ಷರದಲ್ಲಿ "ಸೊಳ್ಳೆಯ ಜೀವನಚಕ್ರ" ಅಂತ ಬರೆದು ಅಂಟಿಸಿದೆ. ಹೆಡ್‌ಮಿಸ್ಟ್ರೆಸ್ ನೋಡಿ, "ಕಚ್ಚಂಗಿಲ್ಲ ಹೌದಲ್ಲ?" ಅಂದು ಒಪ್ಪಿದರು.

ಆ ದಿನ ಬಂತು. ಇನ್ಸ್‌ಪೆಕ್ಟರು ಆಫೀಸಿನಲ್ಲಿ ಚಹಾ ಕುಡಿಯುತ್ತಿದ್ದರು. ನಾನು ಲ್ಯಾಬಿನಲ್ಲಿ ಬೆವರುತ್ತ ನಿಂತಿದ್ದೆ. ಬಾಗಿಲಲ್ಲಿ ಖಾಕಿ ಕಾಣಿಸಿತು. ಮಲೇರಿಯಾದವನು! ಆಗೆಲ್ಲ ಅವನು ಹದಿನೈದು ದಿನಕ್ಕೊಮ್ಮೆ ಮನೆಮನೆಗೂ ಬಂದು, ಜ್ವರ ಕೇಳಿ, ತೆರೆದಿಟ್ಟ ನೀರು ಚೆಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ತಾರೀಖು ಬರೆದು ಹೋಗುತ್ತಿದ್ದ. ಶಾಲೆಯ ಸರದಿ ಅವತ್ತೇ ಬರಬೇಕೆ?

ಅವನು ತೊಟ್ಟಿ ನೋಡಿದ. ಚೀಟಿ ಓದಿದ. ಮುಖ ಕಪ್ಪಾಯಿತು.

"ಏನ್ರೀ ಅಕ್ಕೋರೇ ಇದು? ನಾನು ಓಣಿ ಓಣಿ ತಿರುಗಿ ಚೆಲ್ಲಾಕತ್ತೀನಿ, ನೀವು ಗಾಜಿನ ಮನಿ ಕಟ್ಟಿಸಿ ಸಾಕಾಕತ್ತೀರಿ! ಅದೂ ಸರ್ಕಾರಿ ಸಾಲ್ಯಾಗ!"

ತೊಟ್ಟಿಗೆ ಕೈ ಹಾಕಿದ. ನಾನೂ ಹಾಕಿದೆ.

"ಬಿಡ್ರಿ ಅಣ್ಣಾರ, ನನ್ನ ನೌಕರಿ ಇದರಾಗ ಐತಿ!"

"ನೀವು ಬಿಡ್ರಿ, ನನ್ನ ನೌಕರಿನೂ ಇದರಾಗ ಐತಿ! ನಮ್ಮ ಸಾಹೇಬ್ರು ನೋಡಿದ್ರ ನನ್ನ ಮನಿಗೆ ಕಳಿಸ್ತಾರ!"

ಅವನು ಎಳೆದ, ನಾನು ಎಳೆದೆ. ಹೊರಗೆ ಬೂಟಿನ ಸದ್ದು. ನಾನು ಕೈ ಮುಗಿಯಲು ಹೋದರೆ ತೊಟ್ಟಿ ಬಿಡಬೇಕು; ಹಾಗಾಗಿ ಬರಿ ಕಣ್ಣಿನಲ್ಲೇ ಬೇಡಿಕೊಂಡೆ. ಅವನಿಗೆ ಏನನ್ನಿಸಿತೋ, "ಚೆಲ್ಲಂಗಿಲ್ಲ. ಹಂಗಂತ ಬಿಟ್ಟು ಹೋಗಾಕೂ ಬರಂಗಿಲ್ಲ" ಅಂದು ತನ್ನ ಡಬ್ಬಿ ತೆರೆದ. ಬಾವಿಗಳಿಗೆ ಬಿಡಲು ತಂದಿದ್ದ ಸೊಳ್ಳೆಮರಿ ತಿನ್ನುವ ಪುಟ್ಟ ಮೀನುಗಳು. ನಾಲ್ಕನ್ನು ತೊಟ್ಟಿಗೆ ಸುರಿದ.

ಇನ್ಸ್‌ಪೆಕ್ಟರು ಒಳಗೆ ಬಂದರು. ಹಿಂದೆ ಹೆಡ್‌ಮಿಸ್ಟ್ರೆಸ್. ಇನ್ಸ್‌ಪೆಕ್ಟರು ಚೀಟಿ ಓದಿ, "ಹೇಳಿ" ಅಂದರು.

"ಸರ್, ಇಲ್ಲಿ ಎಡಗಡೆ ತಲೆಕೆಳಗಾಗಿ ತೂಗುತ್ತಿರುವುದು ಸೊಳ್ಳೆಯ ಮರಿ…" ಅಂದೆ. ಗಬಕ್. ಅದು ಹೋಯಿತು.

"ಈ ಕಡೆ ಇನ್ನೊಂದು ಇದೆ…" ಗಬಕ್.

"ಇದು ಅದರ ಮುಂದಿನ ಹಂತ, ನೋಡಿ, ಬಾಗಿದ ಹಾಗೆ…" ಎರಡು ಮೀನು ಒಟ್ಟಿಗೇ ಬಂದವು.

ನಾನು ಬೇಗ ಬೇಗ ಹೇಳಿದೆ. ಅವು ಬೇಗ ಬೇಗ ತಿಂದವು. ಹೆಡ್‌ಮಿಸ್ಟ್ರೆಸ್ ಕಣ್ಣು ಮುಚ್ಚಿಕೊಂಡಿದ್ದರು. ಪಾಠ ಮುಗಿಯುವ ಹೊತ್ತಿಗೆ ನೀರು ತಿಳಿಯಾಗಿತ್ತು. ಇನ್ಸ್‌ಪೆಕ್ಟರು ಕನ್ನಡಕ ಸರಿಮಾಡಿಕೊಂಡು ಗಾಜಿಗೆ ಮೂಗು ಹಚ್ಚಿ ಹುಡುಕಿದರು.

"ಎಲ್ಲಮ್ಮಾ ಜೀವನಚಕ್ರ?"

ನನ್ನ ಬಾಯಿಂದ ಅದು ಹೇಗೆ ಬಂತೋ: "ಮುಗೀತ್ರಿ ಸರ್."

ನಾನು ಮನಸ್ಸಿನಲ್ಲೇ ಶಾವಿಗೆ ಮಣೆಯ ಮುಂದೆ ಕೂತುಬಿಟ್ಟೆ. ಆಮೇಲೆ ಇನ್ಸ್‌ಪೆಕ್ಟರ ಭುಜ ಅಲುಗಿತು. ನಕ್ಕರು, ಕೂತು ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಮಲೇರಿಯಾದವನನ್ನು ಹತ್ತಿರ ಕರೆದು ಮೀನಿನ ವಿಷಯವೆಲ್ಲ ಕೇಳಿ ತಿಳಿದುಕೊಂಡರು. ಒಂದು ಜೀವಿ ಇನ್ನೊಂದಕ್ಕೆ ಆಹಾರವಾಗುವುದನ್ನು ಕಣ್ಣೆದುರೇ ತೋರಿಸಿದ ಶಾಲೆ ಇದೊಂದೇ ಎಂದು ರಿಜಿಸ್ಟರಿನಲ್ಲಿ ಬರೆದರು. ಮಲೇರಿಯಾದವನೂ ಕಿವಿಯ ಹಿಂದಿನ ಪೆನ್ಸಿಲು ತೆಗೆದು ನನ್ನ ಚೀಟಿಯ ಕೆಳಗೆ ತಾರೀಖು ಹಾಕಿ ಹೋದ.

ಆ ನಾಲ್ಕು ಮೀನು ಹಾರಲಿಲ್ಲ, ಹತ್ತಲಿಲ್ಲ, ಗಿಡಕ್ಕೆ ಬಾಯಿ ಹಾಕಲಿಲ್ಲ. ಯುಗಾದಿಗೆ ನಾಲ್ಕು ದಿನ ಮುಂಚೆ ನನ್ನ ಆರ್ಡರು ಬಂತು. ಅತ್ತೆ ಅದನ್ನು ಮಗನಿಂದ ಎರಡು ಸಲ ಓದಿಸಿ, ಮಡಚಿ, ದೇವರ ಮುಂದೆ ಇಟ್ಟರು.

ಬೇಸಿಗೆ ರಜೆಗೆ ಶಾಲೆ ಮುಚ್ಚಿತು. ತೊಟ್ಟಿ ನೋಡಿಕೊಳ್ಳುವವರಿಲ್ಲ. ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು ಮನೆಯ ಹೊಸ್ತಿಲ ಹೊರಗೆ ನಿಂತೆ, ಒಳಗೆ ಕಾಲಿಡಲು ಧೈರ್ಯವಾಗಲಿಲ್ಲ. ಅತ್ತೆ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದರು. ಬಗ್ಗಿ ಮೀನುಗಳನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಎರಡು ಬೆರಳಿನಲ್ಲಿ ಒಂದು ಚಿಟಿಕೆ ಜೋಳದ ಹಿಟ್ಟು ನನ್ನ ಕಡೆ ಚಾಚಿದರು.

"ತಗೋ. ಈ ಸಲ ಹೊಟ್ಟಿಗೆ ಹಾಕು, ಮೈಗೆ ಬ್ಯಾಡ."