ಮಾಯಿಗೌಡರ ಮರಿಮಗ

ಕೃಷ್ಣರಾಜಪೇಟೆಯ ಮೋಟಾರು ರಿಪೇರಿ ರವೀಂದ್ರನನ್ನು ಪವಿತ್ರ ಒಪ್ಪಿದ್ದಳು, ಅವಳ ತಾಯಿ ಒಪ್ಪಿದ್ದರು, ಅಷ್ಟೇಕೆ, ಅವರ ಮನೆಯ ನಾಯಿಯೂ ಬಾಲ ಅಲ್ಲಾಡಿಸಿತ್ತು. ಅಡ್ಡ ನಿಂತವರು ಅವಳಪ್ಪ, ಪಾಂಡವಪುರದ ಹೊನ್ನಪ್ಪ.

‘ನಿಮ್ಮ ತಾತ ಯಾವೂರಿಂದ ಬಂದೋರು ಅಂತ ನಿಂಗೇ ಗೊತ್ತಿಲ್ಲ. ಬುಡ ಗೊತ್ತಿಲ್ದ ಮನೆಗೆ ಎಣ್ಣು ಕೊಡಕಾಯ್ತದಾ?’

ರವೀಂದ್ರನಿಗೆ ತಿಳಿದಿದ್ದು ಇಷ್ಟೇ. ತಾತ ಕೆಂಚೇಗೌಡ ಹುಡುಗನಾಗಿದ್ದಾಗಲೇ ಮನೆಬಿಟ್ಟು ಪೇಟೆ ಸೇರಿದವನು. ಅವನಪ್ಪನ ಹೆಸರು ಮಾಯಿಗೌಡ. ಊರಿನ ಹೆಸರನ್ನು ತಾತ ಸಾಯುವವರೆಗೂ ಬಾಯಿಬಿಡಲಿಲ್ಲ. ಮಹಾರಾಜರ ಕಾಲದ ಜನಗಣತಿಯ ಹಾಳೆಗಳು ಶ್ರೀರಂಗಪಟ್ಟಣದ ಕಚೇರಿಯಲ್ಲಿ ಇವೆಯೆಂದು ಪಕ್ಕದ ಮನೆಯ ಚಿಕ್ಕಯ್ಯ ಹೇಳಿದ. ಹೇಳಿ ಸುಮ್ಮನಾಗದೆ, ಕರೆಯದಿದ್ದರೂ ಬೆಳಗಿನ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದ.

ಜಿರಳೆ ತಿಂದುಳಿದ ಹಾಳೆಗಳಲ್ಲಿ ಚಿಕ್ಕಯ್ಯ ಮಧ್ಯಾಹ್ನದೊಳಗೆ ಮೂವರು ಮುತ್ತಾತಂದಿರನ್ನು ಹುಡುಕಿಕೊಟ್ಟ. ಒಬ್ಬ ಕುದುರೆ ಲಾಯದವನು. ಇನ್ನೊಬ್ಬನಿಗೆ ಮಕ್ಕಳೇ ಇರಲಿಲ್ಲ. ಮೂರನೆಯವನು ಚಿನಕುರಳಿಯ ಮಾಯಿಗೌಡ; ಗಂಡುಮಕ್ಕಳು ಕಾಳೇಗೌಡ, ಕೆಂಚೇಗೌಡ.

ಚಿನಕುರಳಿಯ ಮಸಣದಲ್ಲಿ ಕಲ್ಲುಕ್ವಾರಿಯ ದೂಳು ಕವಿದು ಸಮಾಧಿಗಳೆಲ್ಲ ಹಿಟ್ಟಿನ ಗಿರಣಿಯಿಂದ ಈಗಷ್ಟೇ ಎದ್ದುಬಂದಂತಿದ್ದವು. ಚಿಕ್ಕಯ್ಯ ತೋರಿಸಿದ ಒಂದಕ್ಕೆ ರವೀಂದ್ರ ಅಡ್ಡಬಿದ್ದು ಕಣ್ಣೊರೆಸಿಕೊಂಡ. ಮೇಕೆ ಮೇಯಿಸುತ್ತಿದ್ದ ಬೈರಮ್ಮ ಬಂದು, ಅದು ತನ್ನ ಅತ್ತೆಯದೆಂದೂ, ಆಕೆ ಸತ್ತ ದಿನವೂ ಯಾರೂ ಇಷ್ಟು ಅತ್ತಿರಲಿಲ್ಲವೆಂದೂ ತಿಳಿಸಿದಳು.

ಮೂಲೆಯಲ್ಲೊಂದು ಹಳೆಯ ಸಮಾಧಿಯಿತ್ತು. ರವೀಂದ್ರ ಅದರ ಸುಣ್ಣ ಕೆರೆದ. ಒಂದೊಂದೇ ಅಕ್ಷರ ಮೂಡಿ ‘ಮಾಯಿಗೌಡ’ ಎಂದಾಯಿತು. ತನಗೂ ಒಂದು ಊರಿದೆ ಎಂದುಕೊಂಡು ಉಳಿದ ಸುಣ್ಣವನ್ನೂ ಕೆರೆಯತೊಡಗಿದ.

‘ಸುಣ್ಣ ಯಾಕ್ಲಾ ಕೆರೀತೀಯ?’ ಎಂದಳು ಬೈರಮ್ಮ. ‘ಪಾಂಡವಪುರದ ಹೊನ್ನಪ್ಪೋರು ವರ್ಸ ವರ್ಸ ಬಳಿಸ್ತಾರೆ. ಕಾಳೇಗೌಡ್ರ ಮೊಮ್ಮಗ. ಇದು ಅವ್ರ ಇರೀಕರದು, ಎಸ್ರು ಮಾತ್ರ ಅವ್ರಿಗೂ ಗೊತ್ತಿಲ್ಲ.’

ಉದುರಿದ ಸುಣ್ಣವನ್ನು ರವೀಂದ್ರ ಮತ್ತೆ ಮೆತ್ತಲು ನೋಡಿದ. ಆದರೆ ಹೊನ್ನಪ್ಪನವರಿಗೆ ಸುದ್ದಿ ಮುಟ್ಟಿಸಲು ಚಿಕ್ಕಯ್ಯ ಆಗಲೇ ಫೋನಿದ್ದ ಅಂಗಡಿಗೆ ಓಡಿದ್ದ.

ಸಂಜೆ ಹೊನ್ನಪ್ಪ ಮಗಳೊಡನೆ ಮಸಣಕ್ಕೇ ಬಂದರು. ಒಡಹುಟ್ಟಿದವರಿಲ್ಲದೆ ಬೆಳೆದ ಮನುಷ್ಯ. ರವೀಂದ್ರನನ್ನು ತಬ್ಬಿಕೊಂಡು ಅತ್ತೇಬಿಟ್ಟರು.

‘ನೀನು ನಂಗೆ ತಮ್ಮ ಆಗ್ಬೇಕು ಕಣ್ಲಾ.’

ಪವಿತ್ರ ‘ಚಿಕ್ಕಪ್ಪ’ ಎನ್ನಲು ಹೋಗಿ ಕೆಮ್ಮಿದಳು. ಅದು ನಗುವೋ ಅಳುವೋ ತಿಳಿಯಲಿಲ್ಲ. ಭಾನುವಾರ ಅವಳನ್ನು ನೋಡಲು ನಾಗಮಂಗಲದಿಂದ ಗಂಡಿನ ಕಡೆಯವರು ಬರುತ್ತಾರೆಂದೂ, ಚಿಕ್ಕಪ್ಪನಾದವನೇ ಮುಂದೆ ನಿಂತು ಮಾತಾಡಬೇಕೆಂದೂ ಹೊನ್ನಪ್ಪ ಅಪ್ಪಣೆ ಮಾಡಿದರು.

ರವೀಂದ್ರ ಮುತ್ತಾತನ ಹೆಸರಿನ ಮೇಲೆ ಕೂತ ದೂಳನ್ನು ಒರೆಸಿದ. ಆಮೇಲೆ ಮೆಲ್ಲಗೆ ಕೇಳಿದ:

‘ಆ ಗಂಡಿಗೆ ತಂಗಿ ಏನಾದ್ರೂ ಅವ್ಳಾ ಅಣ್ಣಾ?’