ಬಾತುಕೋಳಿಗೊಂದು ಬೂಟು

ನೀವೇ ನ್ಯಾಯ ಹೇಳಿ ಸ್ವಾಮಿ. ಹೊಲಿಗೆ ಮಿಷನ್ ತುಳಿದೂ ತುಳಿದೂ ನನ್ನ ಮಂಡಿ ಸವೆದುಹೋಗಿದೆ. ಮೆಟ್ಟಿಲಿಳಿಯುವಾಗ 'ಅಯ್ಯಮ್ಮಾ' ಅಂತ ನರಳಿದರೂ ನನ್ನ ಹೆಂಡತಿ ತಲೆ ಎತ್ತಿ ನೋಡುವುದಿಲ್ಲ. ಹಿತ್ತಲಿನ ಬಾತುಕೋಳಿ ಒಂದೇ ಒಂದು ಹೆಜ್ಜೆ ಕುಂಟಿದ್ದೇ ತಡ, ಒಲೆ ಮೇಲಿನ ಪಾತ್ರೆಯನ್ನೂ ಬಿಟ್ಟು ಎದ್ದೆನೋ ಬಿದ್ದೆನೋ ಅಂತ ಓಡಿದಳು.

"ರೀ, ದಪ್ಪಮ್ಮನ ಅಂಗಾಲು ನೋಡಿ ಬನ್ನಿ! ಹೇಗೆ ಊದಿದೆ, ನಡುವೆ ಕಪ್ಪು ಹಕ್ಕಳೆ ಬೇರೆ!"

(ದಪ್ಪಮ್ಮ ಅಂದರೆ ಬಾತುಕೋಳಿ. ಅದಕ್ಕೆ ಹೆಸರಿದೆ. ನಾನು ಬರೀ 'ರೀ'.)

"ಏನೋ ಮುಳ್ಳು ಚುಚ್ಚಿರಬೇಕು, ಬಿಡೇ."

"ಬಿಡೋಕೆ ಅದೇನು ನಿಮ್ಮ ಮಂಡಿನಾ?"

ಪಶುವೈದ್ಯೆ ಬಂದರು. ಬಾತುಕೋಳಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಪಾದವನ್ನು ಬೆಚ್ಚಗಿನ ಉಪ್ಪುನೀರಲ್ಲಿ ನೆನೆಸಿ, ಹಕ್ಕಳೆ ತೆಗೆದು, ಒಳಗಿನ ಗಟ್ಟಿ ಕೀವನ್ನು ಹೊರಗೆ ತೆಗೆದರು. ಮುಲಾಮು ಹಚ್ಚಿ ಪಟ್ಟಿ ಕಟ್ಟಿದರು. "ಗಟ್ಟಿ ನೆಲದ ಮೇಲೆ ಓಡಾಡಿ ಅಂಗಾಲು ಒಡೆದಿದೆ. ದಿನಾ ಪಟ್ಟಿ ಬದಲಾಯಿಸಿ, ಒಣಹುಲ್ಲಿನ ಮೇಲೆ ಬಿಡಿ. ಪಟ್ಟಿ ಮಾತ್ರ ಒದ್ದೆಯಾಗಕೂಡದು. ಕೀವು ಮೂಳೆಗೆ ಇಳಿದರೆ ಕಾಲು ಉಳಿಯಲ್ಲ, ಜೀವ ಉಳಿಯೋದೂ ಕಷ್ಟ" ಅಂದರು. ಹೆಂಡತಿ ಕಣ್ಣಲ್ಲಿ ನೀರು. ಸುಳ್ಳೇಕೆ, ನಾನೂ ಮೆಲ್ಲಗೆ ಅದರ ಬೆನ್ನು ಸವರಿದೆ.

ಆದರೆ ಬಾತುಕೋಳಿಗೆ ಒದ್ದೆಯಾಗಬೇಡ ಅನ್ನುವುದೂ ನನ್ನ ಹೆಂಡತಿಗೆ ಮಾತಾಡಬೇಡ ಅನ್ನುವುದೂ ಒಂದೇ. ನಮ್ಮ ಬಚ್ಚಲುಮನೆಗೆ ಹುಲ್ಲು ಹಾಸಿ ಅದನ್ನು ಆಸ್ಪತ್ರೆ ಮಾಡಿದಳು. ಮನೆಯ ಯಜಮಾನನಾದ ನಾನು ಹಿತ್ತಲ ನಲ್ಲಿಯ ಕೆಳಗೆ ಸ್ನಾನ ಮಾಡಿದೆ. ಕೋಳಿಗಳೆಲ್ಲ ಸಾಲಾಗಿ ನಿಂತು ನೋಡಿದವು. ಇಷ್ಟೆಲ್ಲ ಆದಮೇಲೂ ದಪ್ಪಮ್ಮ ಕುಡಿಯುವ ನೀರಿನ ಬಟ್ಟಲಿಗೇ ಕಾಲಿಟ್ಟು ಕೂತಿತ್ತು. ಪಟ್ಟಿ ತೊಪ್ಪೆ!

"ಬಟ್ಟಲನ್ನ ಅಷ್ಟು ಹತ್ತಿರ ಇಟ್ಟಿದ್ದು ನೀವೇ!" ಅಂದಳು. ನೋಡಿದಿರಾ, ಅಲ್ಲೂ ನನ್ನದೇ ತಪ್ಪು.

ಆಗ ನನಗೊಂದು ದಿವ್ಯಜ್ಞಾನ ಹೊಳೆಯಿತು. ಬೂಟು! ಹೊರಗೆ ಮಳೆಕೋಟಿನ ಬಟ್ಟೆ, ಒಳಗೆ ಮೆತ್ತನೆಯ ಅಸ್ತರು, ಮೇಲೆ ಕಟ್ಟಲು ಲಾಡಿ. ಗಿರಾಕಿಗಳ ಕೋಟುಗಳನ್ನೆಲ್ಲ ಬದಿಗೊತ್ತಿ ಅಳತೆಪಟ್ಟಿ ಹಿಡಿದು ಬಚ್ಚಲಿಗೆ ನುಗ್ಗಿದೆ. ನೋಯುವ ಕಾಲು ಮುಟ್ಟಿದರೆ ಬಾತುಕೋಳಿ ಕೊಕ್ಕಿನಿಂದ ನನ್ನ ಕೈ ಹಿಡಿದು ತಿರುಚುತ್ತಿತ್ತು. ಇನ್ನೊಂದು ಕಾಲನ್ನು ಮಾತ್ರ ಸಭ್ಯ ಗಿರಾಕಿಯ ಹಾಗೆ ನೀಡಿತು. ಸರಿ, ಅದನ್ನೇ ಅಳೆದೆ. ಒಂದು ತೋಳು ಅಳೆದು ಎರಡು ತೋಳು ಹೊಲಿಯುವುದು ನಮ್ಮ ವೃತ್ತಿಧರ್ಮ ತಾನೇ?

ಬೂಟು ಏರಲೇ ಇಲ್ಲ.

"ರೀ, ಊದಿರೋದು ಯಾವ ಕಾಲು?"

"ಎಡದ್ದು."

"ಅಳತೆ ತಗೊಂಡಿದ್ದು?"

ನಾನು ಮೌನವ್ರತ ಹಿಡಿದೆ. ಅವಳು ಹಿಡಿಯಲಿಲ್ಲ. ಅವಳ ಅಷ್ಟೂ ಮಾತು ಕೇಳಿಸಿಕೊಂಡೇ ಹೊಲಿಗೆ ಬಿಚ್ಚಿ, ಅಂಚು ಬಿಡಿಸಿ, ಮತ್ತೆ ಹೊಲಿದೆ. ಈ ಸಲ ಬೂಟು ಸರಿಯಾಗಿ ಕೂತಿತು.

ಕೆಲವು ದಿನ ಬಿಟ್ಟು ಡಾಕ್ಟರಮ್ಮ ಬಂದು ಬಿಚ್ಚಿ ನೋಡಿದರು. ಪಟ್ಟಿ ಒದ್ದೆಯಾಗಿರಲಿಲ್ಲ, ಊತ ಇಳಿದಿತ್ತು, ಹೊಸ ಚರ್ಮ ಬಂದಿತ್ತು.

"ಕಾಲು ಉಳೀತು! ಈ ಬೂಟು ಯಾರು ಹೊಲಿದಿದ್ದು?"

"ನಮ್ಮವರೇ" ಅಂದಳು ನನ್ನ ಹೆಂಡತಿ. ನನ್ನ ಕಡೆ ನೋಡಿ ನಕ್ಕಳು. ಅಂಥ ನಗು ನೋಡಿ ಎಷ್ಟು ವರ್ಷ ಆಗಿತ್ತೋ ಏನೋ! ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಒಳಗಿನ ಬಟ್ಟೆ ಎಷ್ಟು ಮೆತ್ತಗಿದೆ! ಅದಕ್ಕೇ ಗಾಯ ಉಜ್ಜಿಲ್ಲ" ಅಂದರು ಡಾಕ್ಟರಮ್ಮ.

"ಅದಾ?" ಎದೆಯುಬ್ಬಿಸಿದೆ. "ಯಾವಳೋ ಪುಣ್ಯಾತ್ಗಿತ್ತಿ ಹೊಲಿಯೋಕೆ ಕೊಟ್ಟವಳು ಆಮೇಲೆ ಅಂಗಡಿ ಕಡೆ ತಲೆನೇ ಹಾಕಲಿಲ್ಲ. ಕಪಾಟಿನ ಅಡಿಯಲ್ಲಿ ಬಿದ್ದಿತ್ತು. ಅಷ್ಟು ಬೇಜವಾಬ್ದಾರಿ ಹೆಂಗಸಿಗೆ ಇಂಥ ಬಟ್ಟೆ ಯಾಕೆ ಅಂತ ಕತ್ತರಿ ಹಾಕಿದೆ."

ಹೆಂಡತಿ ಬೂಟನ್ನು ಕೈಗೆತ್ತಿಕೊಂಡು ಒಳಗಿನದನ್ನು ಹೊರಗೆ ತಿರುಗಿಸಿದಳು. ಹಳದಿ ಹೂವಿನ ಬಟ್ಟೆ. ನಗು ಮಾಯವಾಯಿತು.

"ಆ ಹೆಂಗಸು ಅಂಗಡಿಗೆ ಯಾಕೆ ಬರ್ತಾಳ್ರೀ? ಮನೇಲೇ ದಿನಾ ಕೇಳ್ತಿದ್ದಳಲ್ಲ, ನನ್ನ ಗೌನು ಎಲ್ಲಿ, ನನ್ನ ಗೌನು ಎಲ್ಲಿ ಅಂತ. 'ನಾಳೆ ಕೊಡ್ತೀನಿ ಕಣೇ' ಅಂತಿದ್ದವರು ಯಾರು?"

ಡಾಕ್ಟರಮ್ಮ ಚೀಲ ಎತ್ತಿಕೊಂಡು, ಚಪ್ಪಲಿ ಕೈಯಲ್ಲೇ ಹಿಡಿದು ಹೊರಟುಹೋದರು.

ಮೊನ್ನೆ ನನ್ನ ಹೆಂಡತಿ ಹೊಸ ಗೌನು ತೊಟ್ಟು, ಗಿರಾಕಿಗಳು ತುಂಬಿದ್ದ ಹೊತ್ತಲ್ಲೇ ನನ್ನ ಅಂಗಡಿ ಮುಂದೆ ಹಾದುಹೋದಳು. ಹೊಲಿಗೆ ಬಹಳ ಅಚ್ಚುಕಟ್ಟಾಗಿತ್ತು. ಪಕ್ಕದ ಬೀದಿಯ ದರ್ಜಿಯದು! ನನ್ನ ರಕ್ತ ಕುದಿಯಿತು. ಒಬ್ಬ ದರ್ಜಿಯ ಹೆಂಡತಿ ಇನ್ನೊಬ್ಬ ದರ್ಜಿಗೆ ಅಳತೆ ಕೊಡುವುದೇ? ಮನೆಗೆ ಬಂದು ಗುಡುಗಿದೆ, "ನಾನೇನು ಸತ್ತುಹೋಗಿದ್ನಾ?"

"ಛೆ, ಬಿಡ್ತು ಅನ್ನಿ. ನಿಮಗೆ ಕೈತುಂಬ ಕೆಲಸ ಇದೆಯಲ್ಲ, ಪಾಪ" ಅಂದವಳು ಹಿತ್ತಲ ಬಾಗಿಲು ತೆರೆದಳು. "ಗಿರಾಕಿ ಕಾಯ್ತಾ ಇದಾನೆ ನೋಡಿ."

ಕೆಂಪು ಹುಂಜ ಕುಂಟುತ್ತಾ ಬಂದು ನನ್ನ ಮುಂದೆ ನಿಂತಿತು.